ಆಕ್ರಮಣದ ಕಥೆ ಯಾವ ದಿನದಿಂದ ಮೊದಲಾಗುತ್ತದೆ? — 1961ರ ಗೋವಾ ಚರ್ಚೆಯ ಭಾಷಣಗಳನ್ನು ಕುರಿತು

ಸ್ವಾತಂತ್ರ್ಯೋತ್ತರ ಭಾರತದ ಇತಿಹಾಸವನ್ನು ಪದವಿ ತರಗತಿಗಳಲ್ಲಿ ಬೋಧಿಸುವವರಿಗೆ ಪ್ರತಿವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು: 1961ರ ಡಿಸೆಂಬರಿನಲ್ಲಿ ಭಾರತವು ಗೋವೆಯಲ್ಲಿ ಮಾಡಿದುದು ಆಕ್ರಮಣವೇ, ಅಲ್ಲವೇ? ಪ್ರಶ್ನೆ ಕೇಳುವ ವಿದ್ಯಾರ್ಥಿಯ ಮುಖದಲ್ಲಿಯೇ ‘ಅಲ್ಲ’ ಎಂಬ ಉತ್ತರದ ನಿರೀಕ್ಷೆ ಎದ್ದು ಕಾಣುತ್ತದೆ. ಕೆಲವು ವರ್ಷಗಳ ಕಾಲ ನಾನೂ ಹಾಗೆಯೇ ಉತ್ತರಿಸುತ್ತ ಬಂದೆ. ಭಾರತವು ಪ್ರಜಾಪ್ರಭುತ್ವ ರಾಷ್ಟ್ರ. ಪೋರ್ಚುಗಲ್ಲಿನಲ್ಲಿದ್ದುದು ಸಾಲಜಾರನ ಸರ್ವಾಧಿಕಾರ. ಸ್ವತಂತ್ರ ರಾಷ್ಟ್ರವೊಂದು ನಿರಂಕುಶ ಪ್ರಭುತ್ವದ ಹಿಡಿತದಿಂದ ಜನರನ್ನು ಬಿಡಿಸಿದರೆ ಅದು ಆಕ್ರಮಣವೆನಿಸದು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಯಲ್ಲಿ ನಡೆದ ಭಾಷಣಗಳನ್ನು ಸಾವಧಾನವಾಗಿ ಓದಿದ ಮೇಲೆ, ನಾನು ಕೊಡುತ್ತಿದ್ದ ಕಾರಣ ಕಾರಣವೇ ಅಲ್ಲವೆಂಬುದು ಮನದಟ್ಟಾಯಿತು. ಆ ಓದಿನ ಫಲವೇ ಪ್ರಸ್ತುತ ಲೇಖನ. ಸೈನಿಕ ಕಾರ್ಯಾಚರಣೆಯ ವಿವರಗಳಾಗಲಿ ಗೋವೆಯ ಸ್ವಾತಂತ್ರ್ಯ ಚಳವಳಿಯ ಪೂರ್ಣ ಚರಿತ್ರೆಯಾಗಲಿ ಇಲ್ಲಿಯ ವಿಷಯವಲ್ಲ. ಆಡಿದ ಮಾತುಗಳ ವಿಮರ್ಶೆಯಷ್ಟೇ ಇದರ ಉದ್ದೇಶ.

ಸ್ವತಂತ್ರ ರಾಷ್ಟ್ರಗಳು ಸ್ವಭಾವತಃ ಶಾಂತಿಪ್ರಿಯವಾದವು, ಆಕ್ರಮಣವು ಸರ್ವಾಧಿಕಾರದ ಲಕ್ಷಣ ಎಂಬ ಮಾತು ಹೊಸದಲ್ಲ. ಅದರ ತಾತ್ತ್ವಿಕ ಮೂಲವನ್ನು ಜರ್ಮನ್ ದಾರ್ಶನಿಕ ಕಾಂಟ್ 1795ರಲ್ಲಿ ಪ್ರಕಟಿಸಿದ ಶಾಶ್ವತ ಶಾಂತಿಯನ್ನು ಕುರಿತ ಪ್ರಬಂಧದಲ್ಲಿ ಗುರುತಿಸುವುದು ವಾಡಿಕೆ. ಯುದ್ಧಕ್ಕೆ ಪ್ರಜೆಗಳ ಸಮ್ಮತಿ ಬೇಕಾಗುವ ರಾಜ್ಯದಲ್ಲಿ, ಯುದ್ಧದ ಹೊರೆಯನ್ನು ತಾವೇ ಹೊರಬೇಕಾದ ಪ್ರಜೆಗಳು ಸುಲಭವಾಗಿ ಒಪ್ಪಲಾರರು ಎಂಬುದು ಕಾಂಟನ ತರ್ಕ. ಇದೊಂದು ನಿರೀಕ್ಷೆ, ಪ್ರಮಾಣಪತ್ರವಲ್ಲ. ಅದೇ ಪ್ರಬಂಧದಲ್ಲಿ ಅವನು ವ್ಯಾಪಾರದ ನೆಪದಿಂದ ಹಿಂದೂಸ್ಥಾನಕ್ಕೆ ಪರದೇಶದ ಸೈನ್ಯಗಳನ್ನು ತಂದ ನಾಗರಿಕ ರಾಜ್ಯಗಳ ನಡತೆಯನ್ನು ಕಟುವಾಗಿ ಖಂಡಿಸಿದ್ದಾನೆ. ಕಾಂಟನನ್ನು ಉದ್ಧರಿಸುವ ರಾಜಕಾರಣಿಗಳು ಆ ಪುಟವನ್ನು ಸಾಮಾನ್ಯವಾಗಿ ಮಗುಚಿಬಿಡುತ್ತಾರೆ.

ಹಿಂದೂಸ್ಥಾನದ ಮಾತು ಬಂದುದರಿಂದ ನಮ್ಮ ನೆಲದ ಉದಾಹರಣೆಯೊಂದನ್ನು ಇಲ್ಲಿಯೇ ಹೇಳಬಹುದು. ಬ್ರಿಟಿಷ್ ಪಾರ್ಲಿಮೆಂಟು 1784ರಲ್ಲಿ ಅಂಗೀಕರಿಸಿದ ಇಂಡಿಯಾ ಕಾಯಿದೆಯಲ್ಲಿ, ಭಾರತದಲ್ಲಿ ದಿಗ್ವಿಜಯ ಮತ್ತು ರಾಜ್ಯವಿಸ್ತರಣದ ಯೋಜನೆಗಳು ಬ್ರಿಟಿಷ್ ಜನಾಂಗದ ಇಚ್ಛೆಗೂ ಗೌರವಕ್ಕೂ ನೀತಿಗೂ ವಿರುದ್ಧವೆಂದು ಸ್ಪಷ್ಟವಾಗಿ ಘೋಷಿಸಲಾಗಿತ್ತು. ಸ್ವತಂತ್ರ ಜನತೆಯೊಂದು ತಾನು ಆಕ್ರಮಣಕಾರಿಯಲ್ಲವೆಂದು ಶಾಸನದಲ್ಲಿಯೇ ಬರೆದುಕೊಂಡ ನಿದರ್ಶನ ಇದಕ್ಕಿಂತ ಸ್ಪಷ್ಟವಾದುದು ದೊರೆಯಲಾರದು. ಎಂಟು ವರ್ಷಗಳಲ್ಲಿ ಮೈಸೂರು ರಾಜ್ಯದ ಸುಮಾರು ಅರ್ಧಭಾಗ ಕೈಬಿಟ್ಟುಹೋಯಿತು; 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ. 1789ರ ಡಿಸೆಂಬರಿನಲ್ಲಿ ತಿರುವಾಂಕೂರಿನ ರಕ್ಷಣಾ ಕೋಟೆಸಾಲಿನ ಮೇಲೆ ದಾಳಿ ಮಾಡಿದವನು ಅವನೇ. ಗಮನಿಸಬೇಕಾದುದು ಇಷ್ಟು: ಕಾಯಿದೆಯ ಮಾತು ಯುದ್ಧವನ್ನು ತಡೆಯಲಿಲ್ಲ, ಯುದ್ಧಕ್ಕೆ ಬೇರೆ ಹೆಸರನ್ನು ಹುಡುಕುವಂತೆ ಮಾಡಿತು. ನಿರಂಕುಶ ಸುಲ್ತಾನನ ವಿರುದ್ಧ ನಡೆದುದೆಲ್ಲವೂ ಆತ್ಮರಕ್ಷಣೆಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತಿಗೆ ಹೊಸ ಜೀವ ಕೊಟ್ಟವರು ಅಮೆರಿಕಾದ ಅಧ್ಯಕ್ಷ ವಿಲ್ಸನ್. 1917ರ ಏಪ್ರಿಲ್ 2ರಂದು ಜರ್ಮನಿಯ ಮೇಲೆ ಯುದ್ಧ ಘೋಷಿಸುವಂತೆ ಕಾಂಗ್ರೆಸ್ಸನ್ನು ಕೋರಿದಾಗ, ಸ್ವಯಮಾಡಳಿತವುಳ್ಳ ರಾಷ್ಟ್ರಗಳು ನೆರೆರಾಜ್ಯಗಳಲ್ಲಿ ಗೂಢಚಾರರನ್ನು ತುಂಬುವುದಿಲ್ಲವೆಂದೂ, ಪ್ರಜಾಪ್ರಭುತ್ವಗಳ ಸಹಭಾಗಿತ್ವದಿಂದಲ್ಲದೆ ಶಾಂತಿ ನಿಲ್ಲದೆಂದೂ ಅವರು ಹೇಳಿದರು. ಆ ದಿನ ಅಮೆರಿಕಾದ ನೌಕಾಸೈನಿಕರು ಹೈಟಿಯಲ್ಲಿಯೂ ಡೊಮಿನಿಕನ್ ಗಣರಾಜ್ಯದಲ್ಲಿಯೂ ಬೀಡುಬಿಟ್ಟಿದ್ದರು. 1947ರ ಮಾರ್ಚ್ 12ರಂದು ಗ್ರೀಸ್ ಮತ್ತು ತುರ್ಕಿಗಳಿಗೆ 40 ಕೋಟಿ ಡಾಲರುಗಳ ನೆರವನ್ನು ಕೇಳುತ್ತ ಅಧ್ಯಕ್ಷ ಟ್ರೂಮನ್ ಜಗತ್ತನ್ನು ಎರಡು ಜೀವನಕ್ರಮಗಳಾಗಿ ವಿಭಾಗಿಸಿದರು. ಅದೇ ವರ್ಷ ಅಮೆರಿಕಾದ ಕೇಂದ್ರೀಯ ಗೂಢಚಾರ ಸಂಸ್ಥೆ ಸ್ಥಾಪಿತವಾಯಿತೆಂಬುದನ್ನು ವಿಲ್ಸನ್ನರ ವಾಕ್ಯದ ಪಕ್ಕದಲ್ಲಿಟ್ಟು ಓದಿದರೆ ಸಾಕು, ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಪೋರ್ಚುಗಲ್ ಈ ಚಿತ್ರದೊಳಗೆ ಬರುವುದು ಇಲ್ಲಿಂದ ಮುಂದೆ. 1949ರ ಏಪ್ರಿಲ್ 4ರಂದು ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ ಸಹಿಮಾಡಿದ 12 ರಾಷ್ಟ್ರಗಳಲ್ಲಿ ಅದೂ ಒಂದು. ಒಪ್ಪಂದದ ಪೀಠಿಕೆಯು ಪ್ರಜಾಪ್ರಭುತ್ವ, ವ್ಯಕ್ತಿಸ್ವಾತಂತ್ರ್ಯ, ನ್ಯಾಯದ ಆಳ್ವಿಕೆ ಎಂಬ ತತ್ತ್ವಗಳನ್ನು ಎತ್ತಿಹಿಡಿಯುತ್ತದೆ. ಸಹಿಮಾಡಿದ ಪೋರ್ಚುಗಲ್ಲಿನಲ್ಲಿ ಪತ್ರಿಕೆಗಳಿಗೆ ಪೂರ್ವಪರಿಶೀಲನೆಯೂ ರಾಜಕೀಯ ಪೊಲೀಸರೂ ಇದ್ದರು. ಸಾಲಜಾರ್ 1932ರಿಂದ ಪ್ರಧಾನಿಯಾಗಿದ್ದನು. ಅಲ್ಲಿಗೆ ‘ಸ್ವತಂತ್ರ ಜಗತ್ತು’ ಎಂಬ ಪದವು ಆಳ್ವಿಕೆಯ ಸ್ವರೂಪವನ್ನು ಸೂಚಿಸುವ ಕೆಲಸವನ್ನು ಬಿಟ್ಟು, ಯಾರು ಯಾರ ಪಕ್ಷ ಎಂಬುದನ್ನು ಸೂಚಿಸತೊಡಗಿತು. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನವನ್ನು ತಿದ್ದಿ ವಸಾಹತುಗಳನ್ನು ‘ಸಾಗರಾಚೆಯ ಪ್ರಾಂತಗಳು’ ಎಂದು ಕರೆಯಿತು. ಹೆಸರು ಬದಲಾಯಿತು, ಪಣಜಿಯಲ್ಲಿ ಗವರ್ನರರ ಅಧಿಕಾರ ಬದಲಾಗಲಿಲ್ಲ.

1955ರ ಕೊನೆಯಲ್ಲಿ ನಡೆದ ಪ್ರಸಂಗ ಒಂದು ಪ್ರಹಸನಕ್ಕೆ ವಸ್ತುವಾಗಬಹುದು. ಆ ವರ್ಷದ ಆಗಸ್ಟ್ 15ರಂದು ನಿರಾಯುಧರಾಗಿ ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಚಳಿಗಾಲದಲ್ಲಿ ಭಾರತಕ್ಕೆ ಬಂದ ಸೋವಿಯತ್ ನಾಯಕರಾದ ಬುಲ್ಗಾನಿನ್ ಮತ್ತು ಕ್ರುಶ್ಚೇವ್ ಗೋವೆಯ ವಿಷಯದಲ್ಲಿ ಭಾರತವನ್ನು ಬಹಿರಂಗವಾಗಿ ಬೆಂಬಲಿಸಿದರು. ಅದಕ್ಕೆ ಪ್ರತಿಯಾಗಿ ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿ ಡಲೆಸ್, ಡಿಸೆಂಬರ್ 2ರಂದು ಪೋರ್ಚುಗಲ್ಲಿನ ವಿದೇಶಾಂಗ ಮಂತ್ರಿಯೊಡನೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ‘ಪೋರ್ಚುಗೀಸ್ ಪ್ರಾಂತಗಳು’ ಎಂಬ ಪದವನ್ನೇ ಬಳಸಿದರು. ಹೀಗೆ ಸರ್ವಾಧಿಕಾರವೊಂದು ವಸಾಹತಿನ ಜನರ ಸ್ವಾತಂತ್ರ್ಯದ ಪಕ್ಷವನ್ನೂ, ಸ್ವತಂತ್ರ ರಾಷ್ಟ್ರವೊಂದು ಸರ್ವಾಧಿಕಾರದ ಪಕ್ಷವನ್ನೂ ವಹಿಸಿದುವು. ಆಗ ಸಿಮ್ಲಾದಿಂದ ಕನ್ಯಾಕುಮಾರಿಯವರೆಗೆ ಎದ್ದ ಪ್ರತಿಭಟನೆ ನ್ಯಾಯವಾದುದೇ. ಆದರೆ ಮಾಸ್ಕೋ ನಮಗೆ ಕೊಟ್ಟ ಬೆಂಬಲದ ಬೆಲೆಯನ್ನು ಮರುವರ್ಷವೇ ತೆರಬೇಕಾಯಿತು. 1956ರ ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟನ್ನು ಹೊಕ್ಕಾಗ, ಸೈನ್ಯವನ್ನು ಹಿಂತೆಗೆಯಬೇಕೆಂದು ಮಹಾಸಭೆ ಮಾಡಿದ ನಿರ್ಣಯಕ್ಕೆ ಭಾರತ ಮತ ನೀಡದೆ ತಟಸ್ಥವಾಗಿ ಉಳಿಯಿತು. ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಜಯಪ್ರಕಾಶ ನಾರಾಯಣರು ಪ್ರಮುಖರು.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು 1961ರ ಚರ್ಚೆಗೆ ಬರೋಣ. ಡಿಸೆಂಬರ್ 17ರ ನಡುರಾತ್ರಿಯ ವೇಳೆಗೆ ಭಾರತದ ಸೈನ್ಯ ಗೋವೆಯ ಗಡಿಯನ್ನು ದಾಟಿತು. 19ರಂದು ಗವರ್ನರ್ ಜನರಲ್ ವಸಾಲೊ ಎ ಸಿಲ್ವ ಶರಣಾದನು. ನಡುವೆ, 18ರಂದು, ಪೋರ್ಚುಗಲ್ಲಿನ ದೂರಿನ ಮೇಲೆ ಭದ್ರತಾ ಸಮಿತಿ ಸೇರಿತು. ಅಮೆರಿಕಾದ ಪರವಾಗಿ ಮಾತನಾಡಿದವರು ಆಡ್ಲೈ ಸ್ಟೀವನ್‌ಸನ್. ಭಾರತದ ಪರವಾಗಿ ಸಿ. ಎಸ್. ಝಾ, ಸೋವಿಯತ್ ಒಕ್ಕೂಟದ ಪರವಾಗಿ ಜೋರಿನ್.

ಸ್ಟೀವನ್‌ಸನ್ನರ ಭಾಷಣವನ್ನು ನಮ್ಮಲ್ಲಿ ಕೇವಲ ಪಾಶ್ಚಾತ್ಯ ಕಪಟವೆಂದು ತಳ್ಳಿಹಾಕುವುದು ರೂಢಿಯಾಗಿದೆ. ಆ ತೀರ್ಪು ಅವಸರದ್ದು. ಒಂದು ರಾಷ್ಟ್ರವು ಇನ್ನೊಂದರ ಇಚ್ಛೆಗೆ ವಿರುದ್ಧವಾಗಿ ಶಸ್ತ್ರಬಲವನ್ನು ಬಳಸಬಹುದೇ ಎಂಬುದೊಂದೇ ಪ್ರಶ್ನೆ, ಸನ್ನದು ಅದನ್ನು ನಿಷೇಧಿಸಿದೆ ಎಂಬುದು ಅವರ ವಾದದ ತಿರುಳು. ಇದರಲ್ಲಿ ಮಾಡಿದವನು ಯಾರು ಎಂಬ ವಿಚಾರವೇ ಇಲ್ಲ, ಮಾಡಿದ್ದೇನು ಎಂಬುದಷ್ಟೇ ಇದೆ. ಈ ತತ್ತ್ವವನ್ನು ತಮ್ಮ ದೇಶ ಮಿತ್ರರ ಮೇಲೂ ಅನ್ವಯಿಸಿದೆಯೆಂದು ತೋರಿಸಲು ಅವರು ಒಂದು ಪಟ್ಟಿಯನ್ನು ಕೊಟ್ಟರು: 1950ರ ಕೊರಿಯಾ, 1956ರ ಸೂಯೆಜ್ ಮತ್ತು ಹಂಗೆರಿ, 1960ರ ಕಾಂಗೊ, ಈಗ ಗೋವೆ. ಸೂಯೆಜ್ ವಿಷಯದಲ್ಲಿ ಈ ಹೇಳಿಕೆ ಪೂರ್ಣ ಸತ್ಯ; ಬ್ರಿಟನ್ ಮತ್ತು ಫ್ರಾನ್ಸ್‌ಗಳನ್ನು ಅಮೆರಿಕಾ ಅಂದು ನಿಜವಾಗಿಯೂ ವಿರೋಧಿಸಿತ್ತು. ಅಷ್ಟೇ ಅಲ್ಲ, ಆ ವರ್ಷದ ಮಾರ್ಚಿನಲ್ಲಿ ಅಂಗೋಲಾ ಪ್ರಶ್ನೆಯಲ್ಲಿ ಅದು ಪೋರ್ಚುಗಲ್ಲಿನ ವಿರುದ್ಧ ಮತ ಹಾಕಿತ್ತು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ತನಗಿದ್ದ ಸೈನಿಕ ನೆಲೆಯ ಒಪ್ಪಂದ ಮರುವರ್ಷ ಮುಗಿಯುವುದರಲ್ಲಿದ್ದರೂ ಹಾಗೆ ಮಾಡಿತೆಂಬುದನ್ನು ಮರೆಯಬಾರದು.

ಆದರೆ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ನೋಡಬೇಕು. 1954ರ ಗ್ವಾಟೆಮಾಲಾ ಇಲ್ಲ. ಆ ಚರ್ಚೆಗೆ ಎಂಟೇ ತಿಂಗಳ ಹಿಂದಿನ ಕ್ಯೂಬಾ ಇಲ್ಲ. 1961ರ ಏಪ್ರಿಲ್ 15ರಂದು ಇದೇ ಸ್ಟೀವನ್‌ಸನ್ ವಿಶ್ವಸಂಸ್ಥೆಯಲ್ಲಿ ವಿಮಾನವೊಂದರ ಭಾವಚಿತ್ರವನ್ನು ಎತ್ತಿ ತೋರಿಸಿ, ಕ್ಯೂಬಾದ ಮೇಲೆ ಬಾಂಬು ಹಾಕಿದವರು ಕ್ಯೂಬಾದ ಸೈನ್ಯವನ್ನು ತೊರೆದು ಬಂದವರೇ ಎಂದು ಸಾಧಿಸಿದ್ದರು. ವಿಮಾನಗಳು ಅಮೆರಿಕಾದ ಗೂಢಚಾರ ಸಂಸ್ಥೆ ಸಜ್ಜುಗೊಳಿಸಿದವು; ಮೇಲಿನ ಕ್ಯೂಬನ್ ಚಿಹ್ನೆ ಬರಿಯ ಬಣ್ಣ. ಸ್ಟೀವನ್‌ಸನ್ನರನ್ನು ಅವರ ಸರ್ಕಾರವೇ ಕತ್ತಲಲ್ಲಿಟ್ಟಿತ್ತು, ಸುಳ್ಳು ಅವರದಲ್ಲ. ಡಿಸೆಂಬರಿನ ವೇಳೆಗೆ ಸತ್ಯ ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ಒಂದು ಹೆಸರನ್ನು ಅವರು ಪಟ್ಟಿಗೆ ಸೇರಿಸಿದ್ದರೆ, ಆ ಭಾಷಣವು ಅಂತಾರಾಷ್ಟ್ರೀಯ ನ್ಯಾಯದ ಇತಿಹಾಸದಲ್ಲಿ ಅದ್ವಿತೀಯವಾಗುತ್ತಿತ್ತು. ಅವರ ಹುದ್ದೆ ಮಾತ್ರ ಉಳಿಯುತ್ತಿರಲಿಲ್ಲ.

ಝಾ ಅವರ ಉತ್ತರವನ್ನು ಇಷ್ಟೇ ನಿಷ್ಠುರವಾಗಿ ಪರಿಶೀಲಿಸುವುದು ನಮ್ಮ ಕರ್ತವ್ಯ. ಇದು ವಸಾಹತುಶಾಹಿಯ ಪ್ರಶ್ನೆ. ಗೋವೆ ಭಾರತದ ಅಂಗ. ತನ್ನದೇ ನೆಲದ ಮೇಲೆ ಯಾರೂ ಆಕ್ರಮಣ ಮಾಡಲಾರರು. ನಾಲ್ಕೂವರೆ ಶತಮಾನಗಳ ಹಿಂದಿನ ದಂಡಯಾತ್ರೆಯಿಂದ ಹಕ್ಕು ಹುಟ್ಟುವುದಿಲ್ಲ ಎಂಬುದು ಅವರ ಸರಣಿ. ಸನ್ನದು ಇರಲಿ ಇಲ್ಲದಿರಲಿ, ಇದು ತಮಗೆ ಮೂಲಭೂತ ನಂಬಿಕೆಯ ವಿಷಯ ಎಂಬರ್ಥದ ಮಾತನ್ನೂ ಅವರು ಆಡಿದರು. ಈ ಮಾತು ಅಂದಿನ ಭಾವನೆಗೆ ಕನ್ನಡಿಯಾಗಿರಬಹುದು. ವಾದವಾಗಿ ನೋಡಿದರೆ ಸ್ಟೀವನ್‌ಸನ್ನರ ಕೈಗೆ ಕೊಟ್ಟ ಆಯುಧ. ಸನ್ನದನ್ನು ಬದಿಗಿಟ್ಟು ನಂಬಿಕೆಯನ್ನು ಮುಂದಿಡುವ ಹಕ್ಕು ನಮಗುಂಟಾದರೆ ಮಿಕ್ಕವರಿಗೂ ಉಂಟು.

ಮೂರು ಭಾಷಣಗಳನ್ನು ಒಟ್ಟಿಗಿಟ್ಟಾಗ ನನಗೆ ಕಂಡ ಮುಖ್ಯ ಸಂಗತಿಯನ್ನು ಈಗ ಹೇಳಬಹುದು. ಸ್ಟೀವನ್‌ಸನ್ನರ ಕಥೆ 1961ರ ಡಿಸೆಂಬರ್ 17ರ ನಡುರಾತ್ರಿಯಲ್ಲಿ ಮೊದಲಾಗುತ್ತದೆ. ಝಾ ಅವರದು 1510ರಲ್ಲಿ. ಜೋರಿನ್ನರದು, ವಸಾಹತು ಜನಗಳಿಗೆ ಸ್ವಾತಂತ್ರ್ಯ ನೀಡಬೇಕೆಂದು ಮಹಾಸಭೆ ಘೋಷಿಸಿದ 1960ರ ಡಿಸೆಂಬರ್ 14ರಲ್ಲಿ. ಘಟನೆ ಒಂದೇ, ಆರಂಭದ ದಿನಾಂಕ ಬದಲಾದೊಡನೆ ಆಕ್ರಮಣಕಾರನೂ ಬದಲಾಗುತ್ತಾನೆ. ‘ಸ್ವತಂತ್ರ ರಾಷ್ಟ್ರ’ ಮತ್ತು ‘ಸರ್ವಾಧಿಕಾರ’ ಎಂಬ ಪದಗಳು ರಾಜಕೀಯ ಭಾಷಣದಲ್ಲಿ ಮಾಡುವ ನಿಜವಾದ ಕೆಲಸ ಈ ದಿನಾಂಕದ ಆಯ್ಕೆಯನ್ನು ಮರೆಮಾಡುವುದು. ನಮ್ಮವರು ಗಡಿ ದಾಟಿದರೆ ಕಥೆ ಹಿಂದಿನ ಪ್ರಚೋದನೆಯಿಂದ ತೊಡಗುತ್ತದೆ. ಎದುರಾಳಿ ದಾಟಿದರೆ ಗಡಿ ದಾಟಿದ ಗಳಿಗೆಯಿಂದ. ಸೂಯೆಜ್ ಪ್ರಕರಣದಲ್ಲಿ ಬ್ರಿಟನ್ನಿನ ಪ್ರಧಾನಿ ಈಡನ್ನರ ಕಥೆ ನಾಸೆರ್ ಕಾಲುವೆಯನ್ನು ರಾಷ್ಟ್ರೀಕರಿಸಿದ 1956ರ ಜುಲೈ 26ರಂದು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಸರ್ವಾಧಿಕಾರಿಗಳನ್ನು ತಡೆಯದೆ ಬಿಟ್ಟ 1930ರ ದಶಕದಲ್ಲಿ, ಮೊದಲಾಗಿತ್ತು. ಹಂಗೆರಿಯಲ್ಲಿ ಮಾಸ್ಕೋದ ಕಥೆ ‘ಪ್ರತಿಕ್ರಾಂತಿ’ಯಿಂದ ಮೊದಲಾಗಿತ್ತು. ಗೋವೆಯ ವಿಶೇಷವೇನೆಂದರೆ, ಸರ್ವಾಧಿಕಾರವು ಸ್ವತಂತ್ರ ಜಗತ್ತಿನ ಸದಸ್ಯನಾಗಿದ್ದು, ಗಡಿ ದಾಟಿದುದು ಪ್ರಜಾಪ್ರಭುತ್ವವಾಗಿದ್ದುದರಿಂದ, ಸಿದ್ಧಪಾಠವನ್ನು ಯಾರೂ ಹಾಗೆಯೇ ಒಪ್ಪಿಸಲಾಗಲಿಲ್ಲ.

1510ರ ಆರಂಭವನ್ನು ಕುರಿತು ಕರ್ನಾಟಕದ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತು ಸೇರಿಸಬೇಕು. ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡುದು ಬಿಜಾಪುರದ ಆದಿಲಶಾಹಿಯಿಂದ. ಅದಕ್ಕೆ ಮೊದಲು, 1472ರಲ್ಲಿ, ಬಹಮನಿಯ ಮಹಮೂದ್ ಗವಾನ್ ಅದನ್ನು ವಿಜಯನಗರದಿಂದ ಕಿತ್ತುಕೊಂಡಿದ್ದನು. ಅಲ್ಬುಕರ್ಕನನ್ನು ಗೋವೆಯ ಕಡೆಗೆ ತಿರುಗಿಸಿ ನೆರವಾದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳ ‘ತಿಮ್ಮೋಜ’. 1510ರ ನವೆಂಬರ್ 25ರಂದು ಆಕ್ರಮಣಕ್ಕೆ ಗುರಿಯಾದವರು ಯಾರು, ಯಾರ ಪರವಾಗಿ ಯಾರು ದೂರು ಕೊಡಬೇಕಾಗಿತ್ತು ಎಂದು ಕೇಳಹೊರಟರೆ ಉತ್ತರ ನವದೆಹಲಿಯಲ್ಲಿ ಸಿಗುವುದಿಲ್ಲ. ಈ ಹಾದಿಯಲ್ಲಿ ಹಿಂದಕ್ಕೆ ಹೋಗುವವನಿಗೆ ನಿಲ್ಲಲು ಮೆಟ್ಟಿಲೇ ಇಲ್ಲ. ಝಾ ಅವರ ಬಳಿ ಇದಕ್ಕಿಂತ ಗಟ್ಟಿಯಾದ ದಿನಾಂಕಗಳಿದ್ದುವು: ನಿರಾಯುಧರು ಸತ್ತ 1955ರ ಆಗಸ್ಟ್ 15, ಗೋವೆಯನ್ನು ಸ್ವಯಮಾಡಳಿತವಿಲ್ಲದ ಪ್ರದೇಶವೆಂದು ಮಹಾಸಭೆಯೇ ಎಣಿಸಿದ 1960ರ ಡಿಸೆಂಬರ್ 15.

ಮತಗಳ ಲೆಕ್ಕ ಬೇಗ ಮುಗಿಯುತ್ತದೆ. ಭಾರತವು ಸೈನ್ಯವನ್ನು ಹಿಂತೆಗೆಯಬೇಕೆಂಬ ಅಮೆರಿಕಾ, ಬ್ರಿಟನ್, ಫ್ರಾನ್ಸ್, ತುರ್ಕಿಗಳ ಗೊತ್ತುವಳಿಗೆ 7 ಪರ, 4 ವಿರೋಧ. ಸೋವಿಯತ್ ವೀಟೊದಿಂದ ಅದು ಬಿದ್ದಿತು. ಪೋರ್ಚುಗಲ್ಲಿನ ದೂರನ್ನು ತಳ್ಳಿಹಾಕುವ ಸಿಂಹಳ, ಲೈಬೀರಿಯ, ಸಂಯುಕ್ತ ಅರಬ್ ಗಣರಾಜ್ಯಗಳ ಗೊತ್ತುವಳಿಗೆ 4 ಪರ, 7 ವಿರೋಧ. ಭಾರತವನ್ನು ಉಳಿಸಿದ ವೀಟೊ ಬುಡಾಪೆಸ್ಟನ್ನು ತುಳಿದ ರಾಷ್ಟ್ರದ್ದು. ಆ ಆಗಸ್ಟಿನಲ್ಲಷ್ಟೇ ಬರ್ಲಿನ್ ನಗರದ ನಡುವೆ ಗೋಡೆ ಎಬ್ಬಿಸಿದ ಪಕ್ಷದ್ದು. ಇದನ್ನು ಪಾಠದಲ್ಲಿ ಹೇಳದೆ ಬಿಡುವುದು ಪ್ರಾಮಾಣಿಕವಲ್ಲ.

ಆಕ್ರಮಣಕ್ಕೆ ನಿಷ್ಪಕ್ಷಪಾತವಾದ ಲಕ್ಷಣವನ್ನು ಬರೆಯುವ ಪ್ರಯತ್ನಗಳು ನಡೆಯದೆ ಇಲ್ಲ. 1933ರ ಜುಲೈಯಲ್ಲಿ ಸೋವಿಯತ್ ವಿದೇಶಾಂಗ ಮಂತ್ರಿ ಲಿಟ್ವಿನೋವ್ ಮುಂದಾಳುತನ ವಹಿಸಿ ನೆರೆಯ ರಾಜ್ಯಗಳೊಡನೆ ಮಾಡಿಕೊಂಡ ಒಪ್ಪಂದ ಅಂತಹುದೊಂದು. ಯಾವ ರಾಜಕೀಯ ಕಾರಣವೂ ಗಡಿ ದಾಟುವುದಕ್ಕೆ ಸಮರ್ಥನೆಯಾಗದೆಂದು ಅದು ಸಾರಿತು. ಆರು ವರ್ಷಗಳ ಮೇಲೆ ಅದೇ ಸೋವಿಯತ್ ಒಕ್ಕೂಟ ಅದೇ ಒಪ್ಪಂದದ ಸಹಭಾಗಿಗಳಾದ ಪೋಲೆಂಡ್ ಮತ್ತು ಫಿನ್ಲೆಂಡ್‌ಗಳನ್ನು ಹೊಕ್ಕಿತು. 1939ರ ಡಿಸೆಂಬರ್ 14ರಂದು ರಾಷ್ಟ್ರಸಂಘ ಅದನ್ನು ಉಚ್ಚಾಟಿಸಿತು. 1974ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಲಕ್ಷಣನಿರೂಪಣೆಯಲ್ಲಿಯೂ ಆಳ್ವಿಕೆಯ ಸ್ವರೂಪದ ಪ್ರಸ್ತಾಪವಿಲ್ಲ. ಮೊದಲು ಶಸ್ತ್ರ ಬಳಸಿದುದೇ ಆಕ್ರಮಣಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಅದು ಹೇಳುತ್ತದೆ. ವಸಾಹತು ಆಳ್ವಿಕೆಗೆ ಒಳಗಾದ ಜನರ ಹೋರಾಟದ ಹಕ್ಕಿಗೆ ಮಾತ್ರ ಪ್ರತ್ಯೇಕ ವಿಧಿಯಲ್ಲಿ ಸ್ಥಾನ ಕೊಡುತ್ತದೆ. ಸ್ಟೀವನ್‌ಸನ್ನರೂ ಝಾ ಅವರೂ ಒಂದೇ ಕಾಗದದಲ್ಲಿ ಹೊಂದಾಣಿಕೆಯಿಲ್ಲದೆ ಕುಳಿತಂತೆ ಅದು ತೋರುತ್ತದೆ. (ಪೋರ್ಚುಗಲ್ ವಿಶ್ವಸಂಸ್ಥೆಯನ್ನು ಸೇರಿದುದು 1955ರ ಡಿಸೆಂಬರ್ 14, ಗೋವೆಯಲ್ಲಿ ಕೊನೆಯ ಸೈನಿಕನವರೆಗೆ ಹೋರಾಡಬೇಕೆಂದು ಸಾಲಜಾರ್ ಸಂದೇಶ ಕಳಿಸಿದುದು 1961ರ ಡಿಸೆಂಬರ್ 14. ಜ್ಯೋತಿಷಿಗಳಿಗೆ ಇದರಿಂದ ಪ್ರಯೋಜನವಾದೀತು, ಇತಿಹಾಸಕಾರರಿಗೆ ಏನೂ ಇಲ್ಲ.)

ಹಾಗಾದರೆ ಸ್ವತಂತ್ರ ರಾಷ್ಟ್ರಕ್ಕೂ ಸರ್ವಾಧಿಕಾರಕ್ಕೂ ಭೇದವೇ ಇಲ್ಲವೇ? ಇದೆ, ಆದರೆ ಅದು ಗಡಿಯ ಮೇಲೆ ಕಾಣಸಿಗುವುದಿಲ್ಲ. ಬುಡಾಪೆಸ್ಟಿಗೆ ಟ್ಯಾಂಕುಗಳು ನುಗ್ಗಿದ ದಿನವೇ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಸಾವಿರಾರು ಜನ ಸೇರಿ ತಮ್ಮದೇ ಸರ್ಕಾರದ ಸೂಯೆಜ್ ಯುದ್ಧವನ್ನು ಖಂಡಿಸಿದರು. ಮಂತ್ರಿ ಆಂಥೋನಿ ನಟಿಂಗ್ ರಾಜೀನಾಮೆ ಕೊಟ್ಟರು. ಮಾಸ್ಕೋದಲ್ಲಿ ಅಂತಹ ಸಭೆಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಗೋವೆಯ ಬಲಪ್ರಯೋಗವನ್ನು ರಾಜಾಜಿಯವರು ಬಹಿರಂಗವಾಗಿ ಟೀಕಿಸಿದರು. ಟೀಕಿಸಿದ ಮೇಲೂ ಬರೆಯುತ್ತಲೇ ಇದ್ದರು. ಇತ್ತ ಸಾಲಜಾರನ ಆಜ್ಞೆಯನ್ನು ಮೀರಿ ಸಾವಿರಾರು ಪ್ರಾಣಗಳನ್ನು ಉಳಿಸಿದ ವಸಾಲೊ ಎ ಸಿಲ್ವನನ್ನು 1963ರಲ್ಲಿ ಸೈನ್ಯದಿಂದ ಹೊರಹಾಕಲಾಯಿತು. ಅವನ ಪದವಿ ಮರಳಿದುದು 1974ರ ಏಪ್ರಿಲಿನಲ್ಲಿ ಆ ಪ್ರಭುತ್ವ ಉರುಳಿದ ಮೇಲೆ. ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಿಕೊಂಡುದೂ ಆ ವರ್ಷದ ಡಿಸೆಂಬರ್ 31ರಂದೇ. ರಷ್ಯ 2022ರ ಫೆಬ್ರುವರಿ 24ರಂದು ಯುಕ್ರೇನನ್ನು ಹೊಕ್ಕ ಕೆಲವೇ ದಿನಗಳಲ್ಲಿ, ಸೈನ್ಯವನ್ನು ಕುರಿತ ‘ಸುಳ್ಳು ಸುದ್ದಿ’ಗೆ ಸೆರೆವಾಸ ವಿಧಿಸುವ ಕಾನೂನು ಮಾಡಿತು. ಯುದ್ಧವನ್ನು ಯುದ್ಧವೆಂದು ಕರೆಯುವುದೇ ಅಲ್ಲಿ ಅಪಾಯವಾಯಿತು.

ಈ ಭೇದವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆದರೂ ಅದು ಗಡಿಯಾಚೆಯವರಿಗೆ ಎಷ್ಟು ಸಮಾಧಾನ ತಂದೀತು? 2003ರ ಫೆಬ್ರುವರಿಯಲ್ಲಿ ಲಂಡನ್, ರೋಮ್ ಮೊದಲಾದ ನಗರಗಳಲ್ಲಿ ಲಕ್ಷಾಂತರ ಜನ ಮೆರವಣಿಗೆ ಮಾಡಿದರು. ಮಾರ್ಚಿನಲ್ಲಿ ಬಾಗ್ದಾದಿನ ಮೇಲೆ ಬಾಂಬು ಬಿದ್ದುವು. ಈಡನ್ನರೇ 1956ರ ಡಿಸೆಂಬರ್ 20ರಂದು ಪಾರ್ಲಿಮೆಂಟಿನಲ್ಲಿ ನಿಂತು, ಇಸ್ರೇಲಿನ ದಾಳಿಯ ಮುನ್ಸೂಚನೆ ತಮಗಿರಲಿಲ್ಲವೆಂದು ಹೇಳಿದರು. ಅಕ್ಟೋಬರ್ 24ರಂದು ಫ್ರಾನ್ಸಿನ ಸೆವ್ರ್ ಎಂಬಲ್ಲಿ ಅವರ ಪ್ರತಿನಿಧಿಗಳು ಆ ದಾಳಿಯ ವೇಳಾಪಟ್ಟಿಗೇ ಸಹಿಮಾಡಿದ್ದರು. ಪ್ರಜೆಗಳ ಸಮ್ಮತಿ ಬೇಕಾಗುವ ರಾಜ್ಯದಲ್ಲಿ ಪ್ರಜೆಗಳಿಗೆ ಸುಳ್ಳು ಹೇಳುವ ಅಗತ್ಯವೂ ಹೆಚ್ಚು ಎಂಬುದನ್ನು ಕಾಂಟ್ ಮುಂಗಾಣಲಿಲ್ಲ.

ವಿದ್ಯಾರ್ಥಿಗಳ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರ ಮೊದಲಿನಷ್ಟು ಚಿಕ್ಕದಲ್ಲ. ಭಾರತ ಶಸ್ತ್ರಬಲವನ್ನು ಬಳಸಿತು. ಸನ್ನದಿನ ಅಕ್ಷರದೊಡನೆ ಅದು ಹೊಂದುವುದಿಲ್ಲ. ಗೋವೆಯ ಜನರ ಅಭಿಮತವನ್ನು ಮೊದಲು ಕೇಳಲಿಲ್ಲ. 1967ರ ಜನವರಿ 16ರ ಜನಮತಗಣನೆಯಲ್ಲಿ ಕೇಳಿದ್ದು ಮಹಾರಾಷ್ಟ್ರದೊಡನೆ ಸೇರುವಿರಾ ಎಂದೇ ಹೊರತು ಭಾರತದೊಡನೆ ಎಂದಲ್ಲ. ಹೀಗಿದ್ದೂ ಹದಿನಾಲ್ಕು ವರ್ಷ ಮಾತುಕತೆಗೆ ಬಾಗಿಲನ್ನೇ ತೆರೆಯದ ವಸಾಹತು ಪ್ರಭುತ್ವವೊಂದನ್ನು ಹೊರಗಟ್ಟಿದ್ದು ಅನ್ಯಾಯವೆಂದು ನನ್ನಿಂದ ಹೇಳಲಾಗುವುದಿಲ್ಲ. ಇದನ್ನು ಸಮರ್ಥಿಸಬಹುದು, ‘ನಾವು ಸ್ವತಂತ್ರ ರಾಷ್ಟ್ರ, ಆದುದರಿಂದ’ ಎಂದು ಮಾತ್ರ ಸಮರ್ಥಿಸಲಾಗದು.

ಎರಡು ವರ್ಷಗಳಿಂದ ಈ ಪಾಠದ ಮೊದಲು ವಿದ್ಯಾರ್ಥಿಗಳಿಗೆ ಒಂದು ಪುಟ ಬರೆಯಲು ಹೇಳುತ್ತಿದ್ದೇನೆ: ಗೋವಾ ಪ್ರಕರಣವನ್ನು ನೀವು ಯಾವ ದಿನಾಂಕದಿಂದ ಆರಂಭಿಸುತ್ತೀರಿ, ಏಕೆ? ಹೆಚ್ಚಿನವರು 1510 ಎಂದೋ 1947 ಎಂದೋ ಬರೆದರು. ಕಾರವಾರದ ಕಡಲಂಚಿನಿಂದ ಬಂದ ಹುಡುಗಿಯೊಬ್ಬಳು ಬರೆದುದು 1961ರ ನವೆಂಬರ್ 17. ಅಂದು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದ ಪೋರ್ಚುಗೀಸ್ ಕಾವಲಿನವರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಕೆಲವು ದಿನಗಳಲ್ಲಿ ಮೀನುಗಾರನೊಬ್ಬ ಅವರ ಗುಂಡಿಗೆ ಸತ್ತಿದ್ದನು. ಏಕೆ ಈ ದಿನ ಎಂಬ ಪ್ರಶ್ನೆಯ ಕೆಳಗೆ ಅವಳು ಒಂದೇ ಸಾಲು ಬರೆದಿದ್ದಳು: ಅದಾದ ಮೇಲೆ ಅವಳ ಅಜ್ಜ ಆ ತಿಂಗಳೆಲ್ಲ ದೋಣಿಯನ್ನು ನೀರಿಗಿಳಿಸಲಿಲ್ಲವಂತೆ.